ಸೆಕ್ಯುರಿಟಿ ಪ್ಲಸ್ ತಯಾರಿ, 9ನೇ ವಾರ: ಮಂಡಿ ಕಂಪ್ಯೂಟರಿನ ಬ್ಯಾಕಪ್

ಈ ಭಾನುವಾರ ಪ್ರಾಕ್ಟೀಸ್ ಟೆಸ್ಟಲ್ಲಿ 74 ಪರ್ಸೆಂಟ್ ಬಂತು. ಮೊದಲನೇ ವಾರ 58 ಇತ್ತು, ಹೋದ ವಾರ 71. ಹೊಸಬರಿಗೆ ಒಂದ್ಸಲ ಹೇಳ್ಬಿಡ್ತೀನಿ, ನಾನು ಬರೀಬೇಕು ಅಂತಿರೋದು ಕಾಂಪ್‌ಟಿಯಾದ ಸೆಕ್ಯುರಿಟಿ ಪ್ಲಸ್ ಅನ್ನೋ ಕಂಪ್ಯೂಟರ್ ಸೆಕ್ಯುರಿಟಿ ಸರ್ಟಿಫಿಕೇಟ್ ಪರೀಕ್ಷೆ, ಅದರ ಎಸ್‌ವೈ0-701 ವರ್ಶನ್, 2023ರ ನವೆಂಬರಲ್ಲಿ ಬಂದಿದ್ದು. 90 ನಿಮಿಷ, ಹೆಚ್ಚಂದ್ರೆ 90 ಪ್ರಶ್ನೆ, ಪಾಸಾಗೋಕೆ 750 ಬೇಕು, ಆದ್ರೆ ಸ್ಕೇಲು 100ರಿಂದ 900 ಇರೋದ್ರಿಂದ ಅದನ್ನ ನೇರ ಪರ್ಸೆಂಟ್ ಮಾಡಿ ನೋಡೋಕೆ ಬರಲ್ಲ. ಪ್ರಾಕ್ಟೀಸಲ್ಲಿ 85 ದಾಟೋವರೆಗೂ ಸ್ಲಾಟ್ ಬುಕ್ ಮಾಡಲ್ಲ ಅಂತ ಇದ್ದೀನಿ, ಎರಡೆರಡು ಸಲ ಫೀಸು ಕಟ್ಟೋ ಅಷ್ಟು ದುಡ್ಡು ನನ್ನತ್ರ ಇಲ್ಲ.

ನಾನು ಬಿಕಾಂ ಓದಿದೋಳು, ದಾವಣಗೆರೆ ಎಪಿಎಂಸಿ ಯಾರ್ಡಲ್ಲಿ ದೊಡ್ಡಪ್ಪನ ದಲಾಲಿ ಮಂಡಿ ಲೆಕ್ಕ ನೋಡ್ಕೋತೀನಿ. ಬೆಳಗ್ಗೆ ಐದರಿಂದ ಏಳರವರೆಗೆ ಓದು, ಆಮೇಲೆ ಮಂಡಿ. ಈಗ ಮೆಕ್ಕೆಜೋಳದ ಸೀಜನ್ನು, ಸಾಯಂಕಾಲ ಮನೆಗೆ ಬರೋ ಹೊತ್ತಿಗೆ ಕಣ್ಣು ತೆಗೆಯೋಕಾಗಲ್ಲ.

ಆರ್‌ಪಿಒ (ರಿಕವರಿ ಪಾಯಿಂಟ್ ಆಬ್ಜೆಕ್ಟಿವ್) ಮತ್ತೆ ಆರ್‌ಟಿಒ (ರಿಕವರಿ ಟೈಮ್ ಆಬ್ಜೆಕ್ಟಿವ್), ಇವೆರಡು ನಂಗೆ ಮೂರು ವಾರದಿಂದ ಅದಲುಬದಲಾಗ್ತಿದ್ವು. ಆರ್‌ಟಿಒ ಅಂದ ತಕ್ಷಣ ಡಿಎಲ್ ಮಾಡಿಸೋ ಆಫೀಸೇ ಕಣ್ಮುಂದೆ ಬರುತ್ತೆ. ಸೋಮವಾರ ಟೆಂಡರ್ ಮುಗಿದು ಮಾಲು ತೂಕಕ್ಕೆ ಹೋದ ಮೇಲೆ ಟೀ ಕುಡಿತಾ ದೊಡ್ಡಪ್ಪನ್ನೇ ಕೇಳಿದೆ, ದೊಡ್ಡಪ್ಪ ಈ ಕಂಪ್ಯೂಟ್ರು ಕೆಟ್ಟು ಲೆಕ್ಕ ಹೋದ್ರೆ ಎಷ್ಟು ದಿನದ್ದು ಹೋದ್ರೆ ತಡ್ಕೋಬಹುದು ಅಂತ. ಅವ್ರು ಒಂದು ನಿಮಿಷಾನೂ ಯೋಚ್ನೆ ಮಾಡಲಿಲ್ಲ: "ಒಂದು ದಿನದ್ದು ಹೋದ್ರೆ ತೂಕದ ಚೀಟಿ ನೋಡಿ ಮತ್ತೆ ಬರ್ಕೋಬಹುದವ್ವ, ವಾರದ್ದು ಹೋದ್ರೆ ರೈತರಿಗೆ ಏನಂತ ಹೇಳೋದು?" ಅದೇ ಆರ್‌ಪಿಒ, ಕೊನೇ ಬ್ಯಾಕಪ್ಪಿಂದ ಈಚೆಗೆ ಎಷ್ಟು ಡೇಟಾ ಕಳ್ಕೊಂಡ್ರೂ ಬದುಕ್ಕೋಬಹುದು ಅನ್ನೋದು. ಎಷ್ಟು ಹೊತ್ತು ಕಂಪ್ಯೂಟ್ರು ನಿಂತ್ರೆ ಪರವಾಗಿಲ್ಲ ಅಂದೆ. "ಅರ್ಧ ದಿನ. ಸಂಜೆ ಒಳಗೆ ರೈತನ ಕೈಗೆ ಬಿಲ್ಲು ಕೊಡಬೇಕು." ಅದು ಆರ್‌ಟಿಒ, ಎಷ್ಟು ಹೊತ್ತೊಳಗೆ ಸಿಸ್ಟಮ್ ಮತ್ತೆ ಶುರುವಾಗಬೇಕು ಅನ್ನೋದು. ಇನ್ನು ಈ ಜನ್ಮದಲ್ಲಿ ಮರೆಯಲ್ಲ.

ಆದ್ರೆ ಹಂಗೆ ಕೇಳಿದ ಮೇಲೆ ನಮ್ಮ ಬ್ಯಾಕಪ್ ನೋಡಲೇಬೇಕಾಯ್ತು. ಶನಿವಾರಕ್ಕೊಂದ್ಸಲ ಪೆನ್‌ಡ್ರೈವಿಗೆ ಕಾಪಿ ಆಗುತ್ತೆ, ಆ ಪೆನ್‌ಡ್ರೈವ್ ವರ್ಷಪೂರ್ತಿ ಸಿಪಿಯು ಹಿಂದೆನೇ ಸಿಕ್ಕಿಸಿರುತ್ತೆ, ಮೇಲೆ ಜೋಳದ ಧೂಳು ಕೂತು ಬಣ್ಣ ಗೊತ್ತಾಗ್ತಿರಲಿಲ್ಲ. ರ‍್ಯಾನ್ಸಮ್‌ವೇರ್ (ಫೈಲು ಲಾಕ್ ಮಾಡಿ ದುಡ್ಡು ಕೇಳೋ ವೈರಸ್) ಬಂದ್ರೆ ಅದಕ್ಕೆ ಸಿ ಡ್ರೈವೂ ಒಂದೇ ಈ ಪೆನ್‌ಡ್ರೈವೂ ಒಂದೇ, ಎರಡನ್ನೂ ಲಾಕ್ ಮಾಡಿ ಹೋಗುತ್ತೆ. 3-2-1 ಅಂತ ಓದ್ತೀವಲ್ಲ, ಮೂರು ಕಾಪಿ, ಎರಡು ಥರದ ಮೀಡಿಯಾ, ಒಂದು ಬೇರೆ ಜಾಗದಲ್ಲಿ, ನಮ್ಮಲ್ಲಿ ಅದ್ರಲ್ಲಿ ಒಂದೂ ಸರಿಯಾಗಿರಲಿಲ್ಲ.

ಬುಧವಾರ ನನ್ನ ಲ್ಯಾಪ್‌ಟಾಪಲ್ಲಿ ರೀಸ್ಟೋರ್ ಮಾಡಿ ನೋಡಿದೆ. ಮೊದಲು ಮಂಡಿ ಸಿಸ್ಟಮಲ್ಲಿದ್ದ ಬ್ಯಾಕಪ್ ಫೈಲಿಗೂ ಪೆನ್‌ಡ್ರೈವಲ್ಲಿದ್ದ ಕಾಪಿಗೂ ಶಾ-256 ಹ್ಯಾಶ್ ತೆಗೆದೆ, ಅಂದ್ರೆ ಫೈಲಿನ ಬೆರಳಚ್ಚು ಇದ್ದಂಗೆ, 64 ಅಕ್ಷರ, ಎರಡನ್ನೂ ಹಾಳೆ ಮೇಲೆ ಬರ್ಕೊಂಡು ಬೆರಳಿಟ್ಟು ಒಂದೊಂದೇ ಹೋಲಿಸಿದೆ, ಪಕ್ಕಾ ಮ್ಯಾಚು. ಖುಷಿಯಾಗಿ ಟ್ಯಾಲಿಯಲ್ಲಿ ಓಪನ್ ಮಾಡಿದ್ರೆ ಕೊನೇ ಎಂಟ್ರಿ ಮಾರ್ಚ್ 31! ಏಪ್ರಿಲಲ್ಲಿ ಹೊಸ ವರ್ಷದ ಲೆಕ್ಕಕ್ಕೆ ಬೇರೆ ಕಂಪನಿ ಮಾಡಿದ್ವಿ, ಬ್ಯಾಕಪ್ ಮಾತ್ರ ಹಳೇ ಕಂಪನಿದೇ ಆಗ್ತಾ ಬಂದಿದೆ. ಇಷ್ಟು ತಿಂಗಳ ರೈತರ ಲೆಕ್ಕ, ಖರೀದಿದಾರರಿಂದ ಬರಬೇಕಾದ ಬಾಕಿ, ಎಲ್ಲಾ ಒಂದೇ ಒಂದು ಡಿಸ್ಕ್ ಮೇಲೆ. ಕೈಕಾಲು ತಣ್ಣಗಾಯ್ತು, ಯಾಕಂದ್ರೆ ಏಪ್ರಿಲಲ್ಲಿ ಆ ಹೊಸ ಕಂಪನಿ ಮಾಡಿದೋಳು ನಾನೇ.

ಇಂಟೆಗ್ರಿಟಿ (ಡೇಟಾ ಬದಲಾಗದೆ ಇರೋದು) ಬೇರೆ ಅವೈಲಬಿಲಿಟಿ (ಬೇಕಾದಾಗ ಸಿಗೋದು) ಬೇರೆ ಅಂತ ಸಿಐಎ (ಕಾನ್ಫಿಡೆನ್ಶಿಯಾಲಿಟಿ, ಇಂಟೆಗ್ರಿಟಿ, ಅವೈಲಬಿಲಿಟಿ) ಚಾಪ್ಟರಲ್ಲಿ ಮೊದಲನೇ ವಾರಾನೇ ಓದಿದ್ದೆ. ಹ್ಯಾಶ್ ಹೇಳೋದು ಫೈಲು ಬದಲಾಗಿಲ್ಲ ಅಂತ ಅಷ್ಟೇ, ಅದು ನಮಗೆ ಬೇಕಾದ ಫೈಲಾ ಅಲ್ವಾ ಅನ್ನೋದು ಅದಕ್ಕೆ ಗೊತ್ತಿಲ್ಲ. ಅದಕ್ಕೇ ಬ್ಯಾಕಪ್ ಪ್ರಶ್ನೆಗಳಲ್ಲಿ ರೀಸ್ಟೋರ್ ಟೆಸ್ಟ್ ಮಾಡೋದು ಅನ್ನೋ ಆಪ್ಶನ್ ಮತ್ತೆ ಮತ್ತೆ ಬರುತ್ತೆ.

ದೊಡ್ಡಪ್ಪನಿಗೆ ಇದ್ದಿದ್ದನ್ನ ಇದ್ದ ಹಾಗೆ ಹೇಳಿದೆ. ಬೈತಾರೆ ಅಂದ್ಕೊಂಡಿದ್ದೆ, ಬೈಲಿಲ್ಲ, ಎಷ್ಟು ಖರ್ಚಾಗುತ್ತೆ ಅಂತ ಕೇಳಿದ್ರು. ರಿಸ್ಕ್ ಲೆಕ್ಕ ಅಲ್ಲೇ ಬಿಲ್ ಬುಕ್ ಹಿಂದೆ ಹಾಕಿ ತೋರಿಸಿದೆ: ಈ ಲೆಕ್ಕದ ಬೆಲೆ 2,00,000 ಅಂತ ಇಟ್ಕೊಳ್ಳೋಣ, ಒಂದ್ಸಲ ಹೋದ್ರೆ 40 ಪರ್ಸೆಂಟ್ ನಷ್ಟ, ಅಂದ್ರೆ ಎಸ್‌ಎಲ್‌ಇ (ಒಂದ್ಸಲದ ನಷ್ಟ) 80,000. ನಾಲ್ಕು ವರ್ಷಕ್ಕೊಂದ್ಸಲ ಹಿಂಗಾಗಬಹುದು ಅಂದ್ರೆ ಎಆರ್‌ಒ (ವರ್ಷಕ್ಕೆ ಎಷ್ಟು ಸಲ) 0.25, ಎರಡನ್ನೂ ಗುಣಿಸಿದ್ರೆ ಎಎಲ್‌ಇ (ವರ್ಷದ ಅಂದಾಜು ನಷ್ಟ) ವರ್ಷಕ್ಕೆ 20,000. ಎರಡು ಹಾರ್ಡ್ ಡಿಸ್ಕಿಗೆ ಅಷ್ಟು ಬೇಡ. ಅಂಕಿಗಳು ನಮ್ಮ ಅಂದಾಜೇ, ಆದ್ರೆ ದೊಡ್ಡಪ್ಪ ಆ ಹಾಳೆ ಹರಿದು ಜೇಬಿಗೆ ಹಾಕ್ಕೊಂಡ್ರು, ಸಂಜೆನೇ ದುಡ್ಡು ಕೊಟ್ರು. ಈಗ ದಿನಾ ಸಂಜೆ ಬ್ಯಾಕಪ್, ಮುಗಿದ ತಕ್ಷಣ ಡಿಸ್ಕ್ ಬಿಚ್ಚಿ ಇಡೋದು, ಇನ್ನೊಂದು ಡಿಸ್ಕ್ ಮನೆ ಬೀರುವಿನಲ್ಲಿ, ಶನಿವಾರ ಅದಲುಬದಲು.

ಉಳಿದಿದ್ದು ಬೇಗ ಹೇಳ್ತೀನಿ. ಪರ್ಫಾರ್ಮೆನ್ಸ್ ಪ್ರಶ್ನೆಲಿ (ಮಾಡಿ ತೋರಿಸೋ ಥರದ್ದು) ಫೈರ್‌ವಾಲ್ ರೂಲ್, ಅಂದ್ರೆ ಯಾವ ನೆಟ್‌ವರ್ಕ್ ಟ್ರಾಫಿಕ್ ಬಿಡಬೇಕು ಯಾವುದು ತಡೀಬೇಕು ಅನ್ನೋದು, ಜೋಡಿಸೋದು ಬಂದಿತ್ತು, ನಾನು ಎಲ್ಲಾ ಡಿನೈ ಅನ್ನೋದನ್ನ ಮೇಲೇ ಇಟ್ಟೆ. ರೂಲು ಮೇಲಿಂದ ಕೆಳಗೆ ಓದ್ಕೊಂಡು ಬರುತ್ತೆ, ಮೊದಲು ಯಾವುದು ಮ್ಯಾಚ್ ಆಗುತ್ತೋ ಅದೇ ಫೈನಲ್, ಹಂಗಾಗಿ ಕೆಳಗಿದ್ದ 443 (ಎಚ್‌ಟಿಟಿಪಿಎಸ್ ವೆಬ್‌ಸೈಟಿನ ಪೋರ್ಟ್) ಅಲೋ ಕೆಲಸಕ್ಕೇ ಬರಲಿಲ್ಲ. ಪೋರ್ಟ್ ನಂಬರು ಗಟ್ಟಿಯಾಗಿವೆ, 389ಕ್ಕೂ (ಎಲ್‌ಡಿಎಪಿ) 636ಕ್ಕೂ (ಅದರದ್ದೇ ಎನ್‌ಕ್ರಿಪ್ಟ್ ಆದ ರೂಪ) ಈಗ ತಡಬಡಾಯಿಸಲ್ಲ. ಡಿಜಿಟಲ್ ಸರ್ಟಿಫಿಕೇಟು, ಪಿಕೆಐ (ಅವನ್ನ ಕೊಡೋ, ನೋಡ್ಕೊಳ್ಳೋ ವ್ಯವಸ್ಥೆ) ಇನ್ನೂ ಕಷ್ಟ ಆಗ್ತಿದೆ.

ಮುಂದಿನ ವಾರ ಪೂರ್ತಿ ಸೆಕ್ಯುರಿಟಿ ಆಪರೇಷನ್ಸ್, ಪೇಪರಲ್ಲಿ 28 ಪರ್ಸೆಂಟ್ ಅದೇ, ನಂಗೆ ಕಮ್ಮಿ ಮಾರ್ಕ್ಸ್ ಬರ್ತಿರೋದೂ ಅದರಲ್ಲೇ. ಶನಿವಾರ ಮನೆ ಡಿಸ್ಕಿಂದ ಮತ್ತೆ ರೀಸ್ಟೋರ್ ಮಾಡಿ ನೋಡ್ತೀನಿ, ಈ ಸಲ ದೊಡ್ಡಪ್ಪನೂ ಪಕ್ಕದಲ್ಲಿ ಕೂತ್ಕೋತೀನಿ ಅಂದಿದ್ದಾರೆ.