ಮಂಗಳವಾರ ಮಾತ್ರ

ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಫಾರ್ಮಸಿಸ್ಟ್. ಡಿ.ಫಾರ್ಮಾ, ಅಂದರೆ ಫಾರ್ಮಸಿ ಡಿಪ್ಲೊಮಾ ಓದುವ ವಿದ್ಯಾರ್ಥಿಗಳು ಟ್ರೈನಿಂಗ್‌ಗೆ ನಮ್ಮಲ್ಲಿಗೆ ಬರುತ್ತಾರೆ. ಒಟ್ಟು 500 ಗಂಟೆ, ಅದರಲ್ಲಿ 250 ಗಂಟೆ ಡಾಕ್ಟರ ಚೀಟಿ ನೋಡಿ ಔಷಧಿ ಕೊಡುವ ಕೆಲಸದಲ್ಲೇ ಕಳೆಯಬೇಕು. ಬಹಳ ದಿನ ನಾನು ಆ ಗಂಟೆಗಳಿಗೆ ಸಹಿ ಹಾಕಿದ್ದೇ ಹೆಚ್ಚು, ಕಲಿಸಿದ್ದು ಕಡಿಮೆ.

ಅವತ್ತು ಸೋಮವಾರ. ಸೋಮವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕೌಂಟರ್ ಹೇಗಿರುತ್ತದೆ ಅಂತ ಆಸ್ಪತ್ರೆಗೆ ಹೋದವರಿಗೆಲ್ಲ ಗೊತ್ತು, ಅಲ್ವಾ? ನಾನು ಬಿಲ್ಲಿಂಗ್ ಕಂಪ್ಯೂಟರ್ ಮುಂದೆ ಇದ್ದೆ. ಪಕ್ಕದಲ್ಲಿ ಬಂದು ಎರಡು ವಾರವಾಗಿದ್ದ ಹುಡುಗಿ, ಹರಿಹರದ ಕಡೆಯ ಒಬ್ಬ ಅಜ್ಜಿಯ ಚೀಟಿ ಹಿಡಿದು ನಿಂತಿದ್ದಳು. ಅಜ್ಜಿಗೆ ಕೀಲುವಾತ. ಚೀಟಿಯಲ್ಲಿ ಅದಕ್ಕೆ ಕೊಡುವ ಮೆಥೋಟ್ರೆಕ್ಸೇಟ್ 7.5 ಮಿ.ಗ್ರಾಂ, ಅದರ ಕೆಳಗೆ ಫೋಲಿಕ್ ಆಸಿಡ್.

"ಮೇಡಂ, ಇದ್ರಲ್ಲಿ ದಿನಾ ತಗೊಳ್ಳೋದು ಯಾವ್ದು?"

"ಚೀಟಿ ಓದಮ್ಮ, ಅಲ್ಲೇ ಬರ್ದಿರುತ್ತೆ" ಅಂದೆ. ತಿರುಗಿ ಕೂಡ ನೋಡಲಿಲ್ಲ.

ಓದಿದಳು ಪಾಪ. ವಾರಕ್ಕೊಂದು ಅಂತ ಎರಡು ಸಾಲಿನ ನಡುವೆ ಸಣ್ಣದಾಗಿ ಬರೆದಿತ್ತು, ಅದು ಮೇಲಿನದಕ್ಕೋ ಕೆಳಗಿನದಕ್ಕೋ ಅವಳಿಗೆ ತಿಳಿಯಲಿಲ್ಲ. ಅದನ್ನೇ ನನ್ನನ್ನು ಕೇಳಿದ್ದಳು. ನಮ್ಮಲ್ಲಿದ್ದ ಎರಡೂ ಮಾತ್ರೆ ಹಳದಿ, ಎರಡೂ ಚಿಕ್ಕವು. ಮೆಥೋಟ್ರೆಕ್ಸೇಟ್ ಕವರಿನ ಮೇಲೆ 1-0-0, ಅಂದರೆ ದಿನಾ ಬೆಳಿಗ್ಗೆ ಒಂದು ಅಂತ ಬರೆದಳು, ಫೋಲಿಕ್ ಆಸಿಡ್ ಮೇಲೆ ವಾರಕ್ಕೊಂದು. ನಾನು ಸ್ಟ್ರಿಪ್ ಎಣಿಸಿ ನೋಡಿ ಕಳಿಸಿಬಿಟ್ಟೆ, ಕವರಿನ ಬರಹ ನೋಡಲಿಲ್ಲ.

ಗೊತ್ತಿಲ್ಲದವರಿಗೆ ಹೇಳಬೇಕು. ಕೀಲುವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ವಾರದಲ್ಲಿ ಒಂದೇ ದಿನ. ದಿನಾ ತಗೊಂಡರೆ ಬಾಯೆಲ್ಲ ಹುಣ್ಣಾಗುತ್ತದೆ, ರಕ್ತದ ಬಿಳಿ ಕಣ ಇಳಿಯುತ್ತವೆ, ಜೀವಕ್ಕೇ ಅಪಾಯ.

ಒಂದು ಗಂಟೆ ಕಳೆದ ಮೇಲೆ ಜನ ಕಡಿಮೆಯಾದಾಗ ಹುಡುಗಿ ಮತ್ತೆ ಬಂದಳು. ಮುಖ ಬಿಳುಚಿಕೊಂಡಿತ್ತು. ಫೋನಿನಲ್ಲಿ ಹುಡುಕಿ ನೋಡಿದ್ದಳಂತೆ. "ಮೇಡಂ, ನಾನು ತಪ್ಪು ಬರ್ದೆ ಅನ್ಸುತ್ತೆ" ಅಂದಳು. ನನ್ನ ಕೈಕಾಲು ತಣ್ಣಗಾದವು. ಬಿಲ್ಲಿನಲ್ಲಿ ನಂಬರ್ ಇತ್ತು, ಸದ್ಯ. ಸೊಸೆ ಎತ್ತಿದರು. "ಇಲ್ರೀ, ಈಗಷ್ಟೇ ಬಸ್ ಇಳಿದ್ವಿ, ಕವರ್ ಇನ್ನೂ ಚೀಲದಾಗೇ ಐತಿ." ಎರಡು ಕವರನ್ನೂ ಕೈಯಲ್ಲಿ ಹಿಡಿದುಕೊಳ್ಳಲು ಹೇಳಿ, ಸ್ಟ್ರಿಪ್ ಮೇಲಿನ ಒಂದೊಂದು ಅಕ್ಷರ ಓದಿಸಿ, ಮೆಥೋಟ್ರೆಕ್ಸೇಟ್ ಕವರಿನ ಮೇಲೆ ಹಳೆಯದನ್ನು ಹೊಡೆದು ಹಾಕಿಸಿ 'ಮಂಗಳವಾರ ಮಾತ್ರ' ಅಂತ ಬರೆಸಿದೆ. ಸಂಜೆ ಮತ್ತೊಮ್ಮೆ ಫೋನ್ ಮಾಡಿದೆ.

ಆ ಹುಡುಗಿ ಬೈಗುಳಕ್ಕೆ ಕಾಯುತ್ತಾ ನಿಂತಿದ್ದಳು. ತಪ್ಪಿನ ರಿಜಿಸ್ಟರ್‌ನಲ್ಲಿ ನನ್ನ ಹೆಸರು ಬರೆದು ಅವಳಿಗೆ ತೋರಿಸಿದೆ. ಅವಳು ಕೇಳಿದ್ದಳು, ನಾನು ಉತ್ತರ ಕೊಟ್ಟಿರಲಿಲ್ಲ. ಅವಳು ಹೆದರಿ ಸುಮ್ನಿದ್ದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಒಮ್ಮೊಮ್ಮೆ ರಾತ್ರಿ ನೆನಪಾಗುತ್ತದೆ.

ಆಮೇಲೆ ಕೌಂಟರಿನಲ್ಲಿ ಒಂದು ಕೆಂಪು ಟ್ರೇ ಇಟ್ಟೆವು. ವಿದ್ಯಾರ್ಥಿಗೆ ಚೂರು ಅನುಮಾನ ಬಂದರೂ ಚೀಟಿ, ಔಷಧಿ ಎರಡನ್ನೂ ಅದರಲ್ಲಿಡಬೇಕು. ಯಾಕೆ ಅಂತ ಯಾರೂ ಕೇಳುವುದಿಲ್ಲ, ನಾನು ನೋಡುವ ತನಕ ಅದು ಹೊರಗೆ ಹೋಗುವುದಿಲ್ಲ. ಕಾಯುವವರು ಗೊಣಗುತ್ತಾರೆ, ಗೊಣಗಲಿ. ಮೊದಲ ವಾರ ಯಾರನ್ನೂ ಕೌಂಟರಿಗೆ ನಿಲ್ಲಿಸುವುದಿಲ್ಲ. ಎಕ್ಸ್‌ಪೈರಿ ಹತ್ತಿರ ಇರುವುದನ್ನು ಮುಂದಕ್ಕೆ ಜೋಡಿಸುವುದು, ಇನ್ಸುಲಿನ್ ಫ್ರಿಜ್ 2ರಿಂದ 8 ಡಿಗ್ರಿಯಲ್ಲಿದೆಯಾ ಅಂತ ನೋಡಿ ಬರೆಯುವುದು, ಇಷ್ಟೇ. ಮಧ್ಯಾಹ್ನ ಮೂರಕ್ಕೆ ಕಾಲು ಗಂಟೆ ಅವರ ಜೊತೆ ಕೂರುತ್ತೇನೆ. ಆಗ ಅವತ್ತಿನ ಚೀಟಿಗಳಲ್ಲಿ ಅರ್ಥವಾಗದ್ದನ್ನು ಅವರೇ ತೆಗೆದು ತೋರಿಸಬೇಕು.

ಹೋದ ವಾರ ಇಬ್ಬರು ಹುಡುಗರು ಸೇರಿದ್ದಾರೆ. ಒಬ್ಬ ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡುತ್ತಾನೆ, ಅವನ ಚಿಂತೆ ನನಗಿಲ್ಲ. ಇನ್ನೊಬ್ಬ ಕೌಂಟರಿಗೆ ಬಂದು ನಾಲ್ಕು ದಿನವಾದರೂ ಟ್ರೇಗೆ ಒಂದು ಚೀಟಿ ಕೂಡ ಹಾಕಿಲ್ಲ. ನಾಳೆ ಬೆಳಿಗ್ಗೆ ಅವನನ್ನು ನನ್ನ ಪಕ್ಕದಲ್ಲೇ ನಿಲ್ಲಿಸಿಕೊಳ್ಳುತ್ತೇನೆ.