ನಾಝಲ್ ಬಿಚ್ಚುವ ಮುಂಚೆ ನೀರು ನೋಡಿ

ಪೀಣ್ಯದಲ್ಲಿ ನಮ್ಮದು ಸಣ್ಣ ವರ್ಕ್‌ಶಾಪ್. ಏರ್ ಫಿಲ್ಟರ್ ಟೆಸ್ಟ್ ಮಾಡೋರಿಗೆ ಅಟೊಮೈಸರ್ ಮಾಡಿಕೊಡುತ್ತೇವೆ. ನಾಝಲ್‌ನ ಸಣ್ಣ ತೂತಿನಿಂದ ಗಾಳಿ ರಭಸವಾಗಿ ನುಗ್ಗಿ ಉಪ್ಪುನೀರನ್ನು ಹನಿಹನಿಯಾಗಿ ಒಡೆಯುತ್ತದೆ. ಹನಿ ಒಣಗಿದ ಮೇಲೆ ಉಳಿಯುವ ಉಪ್ಪಿನ ಕಣವೇ ನಮಗೆ ಬೇಕಾದದ್ದು, ಫಿಲ್ಟರ್ ಟೆಸ್ಟ್ ಮಾಡೋದು ಅದರಿಂದಲೇ.

ಹೊಸದಾಗಿ ಸೇರಿದ ಹುಡುಗರು ಕಣ ಸಣ್ಣದಾಗಿ ಬಂತು ಅಂದರೆ ಸಾಕು, ನಾಝಲ್ ತೂತು ದೊಡ್ಡದು ಮಾಡೋಣ ಅಂತಾರೆ. ಅದರಿಂದ ಅಷ್ಟೇನೂ ಆಗೋದಿಲ್ಲ. ದಪ್ಪ ಹನಿಗಳೆಲ್ಲ ಜಾರ್ ಗೋಡೆಗೆ ಬಡಿದು ಕೆಳಗೆ ಇಳಿದುಬಿಡುತ್ತವೆ, ಹೊರಗೆ ಬರುವುದು ಸಣ್ಣವು ಮಾತ್ರ. ಗಾತ್ರ ಬದಲಾಗಬೇಕಾದರೆ ಉಪ್ಪು ಬದಲಾಯಿಸಬೇಕು. ಲೀಟರಿಗೆ 1 ಗ್ರಾಂ ಉಪ್ಪು ಹಾಕಿದರೆ, 1 ಮೈಕ್ರಾನ್ ಹನಿ ಒಣಗಿ ಸುಮಾರು 0.08 ಮೈಕ್ರಾನ್ ಕಣ ಆಗುತ್ತದೆ. ಇದರ ಎರಡರಷ್ಟು ದಪ್ಪ ಬೇಕಾ? ಉಪ್ಪು ಎಂಟು ಪಟ್ಟು ಹಾಕಿ. ಘನಮೂಲದ ಲೆಕ್ಕ, ಸ್ಕೂಲಿನಲ್ಲಿ ಕಲಿತಿದ್ದೇ ಅಲ್ವಾ.

ಇದೇ ಲೆಕ್ಕ ತಿರುಗಿಸಿ ನೋಡಿದರೆ ನೀರಿನ ಕಥೆ ಗೊತ್ತಾಗುತ್ತದೆ: ನೀರಲ್ಲಿ ಚೂರೇ ಏನಾದರೂ ಕರಗಿದ್ದರೂ ಹನಿ ಒಣಗಿದಾಗ ಕಣ ಉಳಿಯುತ್ತದೆ. ಒಬ್ಬ ಗಿರಾಕಿ ಮೆಷಿನ್ ಹೊತ್ತು ತಂದರು. "ಸಾರ್, ಉಪ್ಪೇ ಹಾಕಿಲ್ಲ, ಆದ್ರೂ ಕಣ ಎಣಿಸೋ ಕೌಂಟರ್‌ನಲ್ಲಿ ಲೆಕ್ಕ ಬರ್ತಿದೆ. ನಿಮ್ಮ ನಾಝಲ್ ಸವೀತಿದೆ."

"ಯಾವ ನೀರು ಹಾಕಿದ್ರಿ?"

"ಬೋರ್ ನೀರಲ್ಲ ಸಾರ್, ಕ್ಯಾನ್ ನೀರು. ನಾವು ಕುಡಿಯೋದೇ ಅದು."

ಒಂದು ಗಾಜಿನ ಸ್ಲೈಡ್ ಮೇಲೆ ಅವರ ಕ್ಯಾನ್ ನೀರು ಒಂದು ಹನಿ, ಪಕ್ಕದಲ್ಲಿ ನಮ್ಮ ಡಿಅಯೊನೈಸ್ಡ್ (ಕರಗಿದ ಲವಣ ತೆಗೆದ) ನೀರು ಒಂದು ಹನಿ ಇಟ್ಟು ಬಿಸಿ ಮಾಡಿದೆ. ಮೊದಲನೆಯದು ಆರಿದ ಕಡೆ ಬಿಳೀ ಉಂಗುರ ಕೂತಿತ್ತು. ಇನ್ನೊಂದು ಕಡೆ ಕಣ್ಣಿಗೆ ಏನೂ ಕಾಣಲಿಲ್ಲ. ಕಾಣದಿದ್ದರೂ ಅಲ್ಲೂ ಚೂರುಪಾರು ಇದ್ದೇ ಇರುತ್ತದೆ. ಅದಕ್ಕೇ ಉಪ್ಪು ಹಾಕುವ ಮುಂಚೆ ಬರೀ ನೀರಲ್ಲಿ ಓಡಿಸಿ, ಬಂದ ಲೆಕ್ಕ ಬರೆದಿಟ್ಟುಕೊಳ್ಳಬೇಕು. ಗಾಳಿಯೂ ಅಷ್ಟೇ. ಕಂಪ್ರೆಸರ್ ಎಣ್ಣೆ ತೇಲಿ ಬಂದರೆ ಅದೂ ಕಣವೇ.

ಬೆಳಿಗ್ಗೆ ಸರಿ ಇದ್ದ ರೀಡಿಂಗ್ ಸಂಜೆಗೆ ಮೇಲೆ ಸರಿಯುವುದು ಇನ್ನೊಂದು ತಲೆನೋವು. ಒಣಗಾಳಿ ನೀರನ್ನು ಆವಿ ಮಾಡಿ ಒಯ್ಯುತ್ತದೆ, ಉಪ್ಪು ಜಾರ್‌ನಲ್ಲೇ ಉಳಿಯುತ್ತದೆ. ದ್ರಾವಣ ಗಟ್ಟಿಯಾದ ಹಾಗೆ ಕಣವೂ ದಪ್ಪ. ಜಾರ್ ಮುಟ್ಟಿ ನೋಡಿ, ತಣ್ಣಗಿರುತ್ತದೆ. ಜಾಸ್ತಿ ಹೊತ್ತು ಓಡಿಸುವುದಿದ್ದರೆ ದ್ರಾವಣ ಬದಲಾಯಿಸುತ್ತಾ ಇರಬೇಕು, ಬೇರೆ ದಾರಿ ಇಲ್ಲ.

ಜುಲೈ ಬಂದರೆ ಗಾಳಿಯ ತೇವ ಹೀರುವ ಸಿಲಿಕಾ ಜೆಲ್ ಮೇಲೆ ಕಣ್ಣಿಟ್ಟಿರಿ. ತೇವ ಸುಮಾರು 45 ಪರ್ಸೆಂಟ್‌ಗಿಂತ ಕೆಳಗಿಳಿಯದಿದ್ದರೆ ಉಪ್ಪಿನ ಹನಿ ಹರಳಾಗುವುದೇ ಇಲ್ಲ. ಬೆಂಗಳೂರಿನ ಮಳೆಗಾಲದಲ್ಲಿ ಅಷ್ಟು ಒಣಹವೆ ಎಲ್ಲಿಂದ ಬರಬೇಕು? ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದ ಮೇಲೂ ಓಡಿಸಿದರೆ ನೀವು ಅಳೆಯುತ್ತಿರುವುದು ಒದ್ದೆ ಹನಿಯನ್ನ.

ಇಷ್ಟೆಲ್ಲ ಸರಿ ಇದ್ದರೂ ಲೆಕ್ಕ ತಪ್ಪಿದರೆ ಆಗ ನಾಝಲ್ ಬಿಚ್ಚಿ. ಹೆಚ್ಚಾಗಿ ಸಿಗುವುದು ಉಪ್ಪಿನ ಗಂಟು. ಶನಿವಾರ ತೊಳೆಯದೆ ಮನೆಗೆ ಹೋದರೆ ಸೋಮವಾರ ತೂತು ಕಟ್ಟಿರುತ್ತದೆ. ದಯವಿಟ್ಟು ಪಿನ್ ಹಾಕಿ ಕೆದಕಬೇಡಿ, ಅಂಚು ಗೀರಿದರೆ ಹನಿ ಒಡೆಯುವ ರೀತಿಯೇ ಬದಲಾಗುತ್ತದೆ. ಒಳ್ಳೆ ನೀರಲ್ಲಿ ನೆನೆಹಾಕಿ ಒಂದು ಟೀ ಕುಡಿದು ಬನ್ನಿ, ತಾನೇ ಕರಗುತ್ತದೆ.