ಐದು ಸೇರು, ಮೇಲೊಂದು ಹಿಡಿ

ಕಾರ್ತಿಕದ ಕೊನೇ ಸೋಮವಾರ. ಬೆಳಗ್ಗೆ ಏಳೂವರೆಗೆ ಕುಂದಲಹಳ್ಳಿ ಮೆಟ್ರೋ ಸ್ಟೇಷನ್ನಿನಲ್ಲಿ ನನ್ನ ಬ್ಯಾಗು ಸ್ಕ್ಯಾನರ್ ಒಳಗೆ ಹೋಗಿ ಅಲ್ಲೇ ನಿಂತುಬಿಟ್ಟಿತು. ಸೆಕ್ಯುರಿಟಿ ಅಕ್ಕ ಪರದೆ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. "ಏನಮ್ಮಾ ಇದು?" ಅಂದರು. ಜಿಪ್ ತೆಗೆದು ತೋರಿಸಿದೆ. ಲ್ಯಾಪ್‌ಟಾಪಿನ ಪಕ್ಕ ಒಂದು ಬಟ್ಟೆ ಚೀಲ, ಅದರ ತುಂಬ ಮಣ್ಣು ಮೆತ್ತಿಕೊಂಡ ಶೇಂಗಾ.

"ಇದನ್ನ ತಗೊಂಡು ಎಲ್ಲಿಗೆ?"

"ಕಡಲೆಕಾಯಿ ಪರಿಷೆಗೆ."

ಅವರಿಗೆ ನಗು ತಡೆಯಲಾಗಲಿಲ್ಲ. "ಎಲ್ಲಾರೂ ಅಲ್ಲಿಂದ ತರ್ತಾರೆ, ನೀವು ಇಲ್ಲಿಂದ ಹೊತ್ಕೊಂಡು ಹೋಗ್ತಿದೀರಲ್ಲ!"

ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಬಸವನಗುಡಿಗೆ ಆ ದಿನ ಲಾರಿಗಟ್ಟಲೆ ಕಡಲೆಕಾಯಿ ಬಂದು ಬೀಳುತ್ತದೆ. ಅಂಥಲ್ಲಿಗೆ ನಾನು ಒಂದು ಚೀಲ ಶೇಂಗಾ ಒಯ್ಯುವುದೆಂದರೆ ಹೊಳೆಗೆ ನೀರು ಹೊತ್ತ ಹಾಗೆ. ಆದರೆ ಇದು ಅವ್ವನ ಹರಕೆ. ಅವ್ವನ ಹರಕೆಗೆ ಎದುರು ಮಾತಾಡುವ ಹಾಗಿಲ್ಲ.

ನಮ್ಮದು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ. ಚಳ್ಳಕೆರೆ ಅಂದರೆ ಎಣ್ಣೆ ಮಿಲ್ಲುಗಳ ಊರು. ಸುತ್ತಮುತ್ತ ಮಳೆ ನಂಬಿಕೊಂಡು ಶೇಂಗಾ ಬಿತ್ತುವ ಹಳ್ಳಿಗಳು. 'ಕಡಲೆಕಾಯಿ' ಅನ್ನುವ ಮಾತು ನನ್ನ ಬಾಯಿಗೆ ಬಂದಿದ್ದು ಬೆಂಗಳೂರಿಗೆ ಬಂದ ಮೇಲೆ. ಬಸವನಗುಡಿಯ ಹಳಬರು ಇನ್ನೂ 'ಕಳ್ಳೇಕಾಯ್ ಪರ್ಸೆ' ಅಂತಲೇ ಅನ್ನುತ್ತಾರೆ. ನನಗೆ ಅದೇ ಹೆಚ್ಚು ಇಷ್ಟ.

ಈ ವರ್ಷದ ಕತೆ ಶುರುವಾಗಿದ್ದು ಫೆಬ್ರವರಿಯ ಒಂದು ಗುರುವಾರ. ಕ್ಯಾಲೆಂಡರಿನಲ್ಲಿ 15 ನಿಮಿಷದ ಮೀಟಿಂಗ್ ಅಂತ ಇತ್ತು, ಒಂಬತ್ತೇ ನಿಮಿಷಕ್ಕೆ ಮುಗಿಯಿತು. ನಮ್ಮ ತಂಡದಲ್ಲಿ ಆರು ಜನ ಇನ್ನು ಬೇಕಾಗಿಲ್ಲವಂತೆ. ಎರಡು ತಿಂಗಳ ಸಂಬಳ ಕೊಡುತ್ತಾರಂತೆ. ಸಂಜೆಯೊಳಗೆ ಆಫೀಸಿನ ಲ್ಯಾಪ್‌ಟಾಪ್ ಲಾಕ್ ಆಯಿತು. ನಾನು ಟೆಸ್ಟರ್. ಬೇರೆಯವರು ಬರೆದ ಕೋಡಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಮೂರೂವರೆ ವರ್ಷ ಅದನ್ನೇ ಮಾಡಿದೆ. ಆಮೇಲಿನ ಆರು ತಿಂಗಳು ನನ್ನಲ್ಲೇ ತಪ್ಪು ಹುಡುಕಿದೆ. ಬೇಕಾದಷ್ಟು ಸಿಕ್ಕವು, ಅದು ಬೇರೆ ಮಾತು.

ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಅಪ್ಪ ಸುಮ್ಮನಿರುತ್ತಿದ್ದರು, ದೊಡ್ಡಪ್ಪ ಸುಮ್ಮನಿರುತ್ತಿರಲಿಲ್ಲ. "ಇನ್ನೇನು, ಮದುವೆ ಮಾಡಿಬಿಡಿ" ಅನ್ನುತ್ತಿದ್ದರು. ಕೆಲಸ ಹೋದ ಹುಡುಗನಿಗೆ ಇನ್ನೊಂದು ಕೆಲಸ ಹುಡುಕುತ್ತಾರೆ. ಕೆಲಸ ಹೋದ ಹುಡುಗಿಗೆ ಗಂಡು ಹುಡುಕುತ್ತಾರೆ.

ಮಾರ್ಚ್‌ನಲ್ಲಿ ನಾಯಕನಹಟ್ಟಿ ಜಾತ್ರೆಗೆ ಊರಿಗೆ ಹೋದೆ. ಹಟ್ಟಿ ತಿಪ್ಪೇಸ್ವಾಮಿ ನಮ್ಮ ಮನೆದೇವರು. 'ಮಾಡಿದಷ್ಟು ನೀಡು ಭಿಕ್ಷೆ' ಅಂದವರು, ಆ ಬರದ ಸೀಮೆಯಲ್ಲಿ ಕೆರೆ ಕಟ್ಟಿಸಿದವರು. ಚಿಕ್ಕಂದಿನಿಂದ ಆ ಮಾತು ಕೇಳಿದ್ದೇನೆ, ಗೋಡೆ ಮೇಲೆ ಓದಿದ್ದೇನೆ. ದುಡಿದಷ್ಟು ಕೂಲಿ ಸಿಗುತ್ತದೆ ಅಂತ ನಾನು ಅರ್ಥ ಮಾಡಿಕೊಂಡಿದ್ದೆ. ಆ ಸಲ ತೇರಿನ ಮುಂದೆ ನಿಂತಾಗ ಅದೇ ಮಾತು ಚುಚ್ಚಿತು. ನಾನು ಮಾಡಿದ್ದು ಸಾಲದೆ ಹೋಯಿತಾ ಸ್ವಾಮಿ? ಜಾತ್ರೆಯಲ್ಲಿ ಜನ ಹರಕೆಗೆ ಕೊಬ್ಬರಿ ಸುಡುತ್ತಾರೆ. ಆ ಹೊಗೆಯಲ್ಲಿ ಕಣ್ಣಿಂದ ನೀರು ಬಂದರೆ ಯಾಕೆ ಅಂತ ಯಾರೂ ಕೇಳುವುದಿಲ್ಲ. ಅದೊಂದು ಅನುಕೂಲ.

ಜುಲೈಗೆ ಪಿಜಿ ಬಾಡಿಗೆ ಭಾರವಾಯಿತು. 'ವರ್ಕ್ ಫ್ರಮ್ ಹೋಮ್ ಕೊಟ್ಟಿದ್ದಾರೆ' ಅಂತ ಹೇಳಿ ಊರಿಗೆ ಹೋದೆ. ದಿನಾ ಒಂಬತ್ತಕ್ಕೆ ನನ್ನ ಹಳೇ ಲ್ಯಾಪ್‌ಟಾಪ್ ತೆರೆದು ಪಡಸಾಲೆಯಲ್ಲಿ ಕೂರುತ್ತಿದ್ದೆ. ಅರ್ಜಿ ಹಾಕುತ್ತಿದ್ದೆ, ಇಂಟರ್‌ವ್ಯೂಗೆ ಓದುತ್ತಿದ್ದೆ, ಜಾಸ್ತಿ ಹೊತ್ತು ಪರದೆಯನ್ನೇ ನೋಡುತ್ತಾ ಕೂತಿರುತ್ತಿದ್ದೆ. ಹೊಲದಲ್ಲಿ ಶೇಂಗಾ ಹೂ ಬಿಟ್ಟಿತ್ತು. ಶೇಂಗಾ ವಿಚಿತ್ರ ಬೆಳೆ. ಹಳದಿ ಹೂವು ಬಿಸಿಲಲ್ಲಿ ಅರಳುತ್ತದೆ. ಉದುರಿದ ಮೇಲೆ ಅದರ ಬುಡದಿಂದ ಸೂಜಿಯಂಥ ಕಡ್ಡಿ ಹೊರಟು ನೆಲಕ್ಕೆ ಇಳಿಯುತ್ತದೆ. ಮಣ್ಣಿನೊಳಗೆ ಹೋಗಿ ಅಲ್ಲಿ ಕಾಯಿ ಕಟ್ಟುತ್ತದೆ. ಒಳಗೆ ಏನಾಗುತ್ತಿದೆ ಅಂತ ಗಿಡ ಕೀಳುವವರೆಗೂ ಯಾರಿಗೂ ಗೊತ್ತಾಗುವುದಿಲ್ಲ. ಅಪ್ಪನಿಗೂ ಗೊತ್ತಾಗುವುದಿಲ್ಲ. ಮೇಲೆ ಹಸಿರಾಗಿ ಕಂಡು ಕೆಳಗೆ ಜೊಳ್ಳಾಗಿದ್ದ ವರ್ಷಗಳು ಎಷ್ಟೋ.

ಗೌರಿ ಹಬ್ಬದ ಹಿಂದಿನ ದಿನ ಕೆಲಸ ಸಿಕ್ಕಿತು. ಸಂಬಳ ಹಿಂದಿನದಕ್ಕಿಂತ ಕಡಿಮೆ, ಆದರೂ ಸಿಕ್ಕಿತು. 'ಕಂಪನಿ ಬದಲಾಯಿಸಿದೆ' ಅಂತಷ್ಟೇ ಮನೆಗೆ ಹೇಳಿದೆ. ಕತೆ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ದೀಪಾವಳಿಗೆ ಹೋದಾಗ ಶೇಂಗಾ ಕಿತ್ತಾಗಿತ್ತು. 4 ಎಕರೆಗೆ 14 ಚೀಲ. ಒಳ್ಳೇ ಬೆಳೆ ಅಲ್ಲ. ಅವ್ವ ದೇವರ ಗೂಡಿನಿಂದ ಅರಿಶಿನ ಬಟ್ಟೆಯ ಗಂಟೊಂದು ತಂದು ನನ್ನ ಮುಂದಿಟ್ಟಳು. ಮುಡುಪು. ಒಳಗೆ 11 ರೂಪಾಯಿ.

"ಬೆಂಗಳೂರು ಬಸವಣ್ಣಂಗೆ ಕಟ್ಟಿದ್ದು ಕಣವ್ವ. ನಿಂಗೆ ಕೆಲ್ಸ ಸಿಕ್ರೆ ಹೊಸ ಶೇಂಗಾ ಐದು ಸೇರು ಒಪ್ಪಿಸ್ತೀನಿ ಅಂತ ಬೇಡ್ಕೊಂಡಿದ್ದೆ. ಪರಿಷೆ ದಿನ ಕೊಟ್ಟು ಬಾ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಯಾವಾಗ ಕಟ್ಟಿದ್ದು?"

"ಶ್ರಾವಣದಾಗೆ. ನೀ ಇಲ್ಲೇ ಇದ್ಯಲ್ಲ, ಆವಾಗ."

"ಯಾರು ಹೇಳಿದ್ರು ನಿಂಗೆ?"

"ಯಾರ್ ಹೇಳ್ತಾರೆ? ಮುಂಚೆ ಉಣ್ಣಾಕೆ ಕರೆದ್ರೆ ಕಾಲ್‌ನಾಗಿದೀನಿ, ಕಾಲ್‌ನಾಗಿದೀನಿ ಅಂತಿದ್ದೆ. ಈ ಸಲ ಕರೆದ ಕೂಡ್ಲೇ ಎದ್ದು ಬಂದೆ."

ಟೆಸ್ಟರ್ ಅಂತ ಹೆಸರು ಬೇರೆ. ಸುಳ್ಳು ಎಲ್ಲೆಲ್ಲಿ ಸಿಕ್ಕಿಬೀಳಬಹುದು ಅಂತ ಎಲ್ಲಾ ಕಡೆಯಿಂದಲೂ ಯೋಚಿಸಿದ್ದೆ. ಸಂಬಳದ ದಿನ ಮನೆಗೆ ದುಡ್ಡು ಹಾಕುವುದನ್ನು ತಪ್ಪಿಸಿರಲಿಲ್ಲ. ಬಿಸಿ ರೊಟ್ಟಿಗೆ ಕರೆದಾಗ ತಕ್ಷಣ ಏಳಬಾರದು ಅನ್ನುವುದು ಮಾತ್ರ ಹೊಳೆದಿರಲಿಲ್ಲ.

"ಮತ್ತೆ ಕೇಳ್ಲಿಲ್ಲ ಯಾಕವ್ವ?"

ಅವ್ವ ಮೊರದಲ್ಲಿ ಕಾಯಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಹೂವು ಮಣ್ಣಿಗಿಳಿಯೋ ಹೊತ್ನಾಗೆ ಹೊಲಕ್ಕೆ ಕುಂಟೆ ಹೊಡಿತೀವೇನೆ?"

ಹೊಡೆಯುವುದಿಲ್ಲ. ಅಲ್ಲಿಯವರೆಗೆ ಎಷ್ಟು ಸಲ ಬೇಕಾದರೂ ಎಡೆಕುಂಟೆ ಹೊಡೆದು ಕಳೆ ತೆಗೆಯಬಹುದು. ಆ ಕಡ್ಡಿ ನೆಲಕ್ಕಿಳಿಯಲು ಶುರುವಾದ ಮೇಲೆ ಕುಂಟೆ ಮೂಲೆಗೆ. ಆಗ ಮಣ್ಣು ಅಲುಗಾಡಿಸಿದರೆ ಕಾಯಿ ನಿಲ್ಲುವುದಿಲ್ಲ. ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು.

"ಅದ್ಸರಿ, ತಿಪ್ಪೇಸ್ವಾಮಿ ಇರುವಾಗ ಬೆಂಗಳೂರು ಬಸವಣ್ಣ ಯಾಕೆ?" ಅಂದೆ, ಏನಾದರೂ ಮಾತಾಡಬೇಕಲ್ಲ ಅಂತ.

"ಕೆಲ್ಸ ಇರೋದು ಬೆಂಗಳೂರಾಗೆ. ಅಲ್ಲಿನ ದೇವ್ರಿಗೇ ಹೇಳ್ಬೇಕು. ಅಲ್ದೆ ಆ ಬಸವಣ್ಣಂಗೆ ಶೇಂಗಾ ಅಂದ್ರೆ ಪ್ರಾಣವಂತೆ. ಟೀವಿಯಾಗೆ ತೋರಿಸ್ತಾರಲ್ಲ."

ಮೆಜೆಸ್ಟಿಕ್ಕಿನಲ್ಲಿ ಮೆಟ್ರೋ ಬದಲಿಸಿ ನ್ಯಾಷನಲ್ ಕಾಲೇಜು ಸ್ಟೇಷನ್ನಿನಲ್ಲಿ ಇಳಿದೆ. ಅಲ್ಲಿಂದ ದಾರಿ ಕೇಳಬೇಕಾಗಿಲ್ಲ, ಹುರಿದ ಕಡಲೆಕಾಯಿಯ ವಾಸನೆ ಹಿಡಿದು ನಡೆದರೆ ಸಾಕು. ಬುಲ್ ಟೆಂಪಲ್ ರಸ್ತೆಯ ಎರಡೂ ಬದಿಗೆ ರಾಶಿಗಳು. ಹಸಿ, ಹುರಿದದ್ದು, ಬೇಯಿಸಿದ್ದು. ಸೇರಿನಲ್ಲಿ ಅಳೆದು ಕೊಡುತ್ತಾರೆ. ನಡುನಡುವೆ ಬತ್ತಾಸು, ಬಳೆ, ಪೀಪಿ. ಹಿಂದೆ ಒಂದು ದಿನದ ಪರಿಷೆ ಆಗಿದ್ದದ್ದು ಈಗ ಹಲವು ದಿನ ನಡೆಯುತ್ತದೆ. ಆದರೂ ಕೊನೇ ಸೋಮವಾರವೇ ಮುಖ್ಯ.

ಪರಿಷೆಯ ಕತೆ ಬೆಂಗಳೂರಿನವರಿಗೆ ಬಾಯಿಪಾಠ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿ ಸುತ್ತ ರೈತರು ಕಡಲೆಕಾಯಿ ಬೆಳೆಯುತ್ತಿದ್ದರಂತೆ. ಬೆಳೆ ಕೈಗೆ ಬರುವ ಹೊತ್ತಿಗೆ ಪ್ರತಿ ಹುಣ್ಣಿಮೆ ರಾತ್ರಿ ಒಂದು ಬಸವ ಬಂದು ಮೇಯ್ದು ಹೋಗುತ್ತಿತ್ತಂತೆ. ಕಾದು ಕೂತು ಹಿಡಿಯಲು ಹೋದರೆ ಗುಡ್ಡ ಹತ್ತಿ ಕಲ್ಲಾಗಿ ಕೂತುಬಿಟ್ಟಿತಂತೆ. ಹೊಡೆಯಲು ಹೋದವರೇ ತಪ್ಪಾಯಿತು ಅಂತ ಕೈಮುಗಿದು, ಇನ್ನು ಮೇಲೆ ಮೊದಲ ಬೆಳೆ ನಿನಗೇ ಅಂತ ಮಾತು ಕೊಟ್ಟರಂತೆ. ಗುಡಿ ಕಟ್ಟಿಸಿದ್ದು ಕೆಂಪೇಗೌಡರು ಅನ್ನುತ್ತಾರೆ. ಕಡಲೆಕಾಯಿಯ ಮೂಲ ದಕ್ಷಿಣ ಅಮೆರಿಕ, ಹಡಗಿನಲ್ಲಿ ಬಂದ ಬೆಳೆ. ಹಾಗಾಗಿ ಕತೆಯ ಕಾಲ ಹಿಡಿದು ಲೆಕ್ಕ ಹಾಕಲು ಹೋದರೆ ತಕರಾರು ಏಳಬಹುದು. ನಾನು ಹೋಗುವುದಿಲ್ಲ. ಎಲ್ಲಿಂದಲೋ ಬಂದಿದ್ದು ಇಲ್ಲಿನ ಬಸವನಿಗೆ ಇಷ್ಟವಾಯಿತು, ಅಷ್ಟು ಸಾಕಲ್ವಾ? ಬೆಂಗಳೂರಿಗೆ ಬಂದ ಎಲ್ಲರ ಆಸೆಯೂ ಅದೇ ತಾನೇ.

ಸಾಲು ನಿಧಾನಕ್ಕೆ ಸಾಗಿತು. ದೊಡ್ಡ ಗಣಪತಿಗೆ ಕೈಮುಗಿದು ಮೇಲೆ ಹತ್ತಿದೆ. ಎರಡೂವರೆ ಗಂಟೆ ನಿಂತಿರಬೇಕು. ಎದುರಿಗೆ ಬಸವಣ್ಣ ಕಂಡಾಗ ಹೇಳಬೇಕೆಂದುಕೊಂಡಿದ್ದೆಲ್ಲ ಮರೆತುಹೋಯಿತು. ಒಂದೇ ಕಲ್ಲು, ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಕಪ್ಪಗೆ ಮಿರಮಿರ. ಇವನ ಪಾದದ ಹತ್ತಿರವೇ ವೃಷಭಾವತಿ ಹುಟ್ಟುತ್ತಾಳೆ ಅನ್ನುವುದು ನಂಬಿಕೆ. ಆ ನದಿಯ ಈಗಿನ ಪಾಡು ಮೈಸೂರು ರಸ್ತೆಯಲ್ಲಿ ಓಡಾಡುವವರ ಮೂಗಿಗೆ ಗೊತ್ತು. ಬಸವಣ್ಣನಿಗೂ ಗೊತ್ತಿರಬೇಕು, ಏನೂ ಅಂದಿಲ್ಲ.

ಬೇರೆ ಶಿವನ ಗುಡಿಗಳಲ್ಲಿ ಬಸವ ಹೊರಗೆ ಕೂತಿರುತ್ತಾನೆ, ಗರ್ಭಗುಡಿಯ ಕಡೆಗೇ ಮುಖ. ಕಾಯುವುದು ಅವನ ಕೆಲಸ. ಜನ ಅವನ ಕಿವಿಯಲ್ಲಿ ಕಷ್ಟ ಹೇಳುತ್ತಾರೆ, ಅವನು ಶಿವನಿಗೆ ಮುಟ್ಟಿಸುತ್ತಾನೆ. ಇಲ್ಲಿ ಹಾಗಲ್ಲ, ಬಸವನೇ ಗರ್ಭಗುಡಿಯಲ್ಲಿ. ಕಾಯುತ್ತಾ ಕೂತವನಿಗೇ ಪೂಜೆ. ಆರು ತಿಂಗಳು ಸುಮ್ನೆ ಕಾದು ಕೂತು, ಆ ದಿನಗಳೆಲ್ಲ ದಂಡ ಅಂತ ಬರೆದಿಟ್ಟವಳು ನಾನು. ಅವನ ಮುಂದೆ ನಿಂತು ಆ ಮಾತು ಹೇಳಲು ನಾಚಿಕೆಯಾಯಿತು. ಹೇಳೋಣ ಅಂದರೂ ಈ ಬಸವನ ಕಿವಿ ಎಟಕುವುದಿಲ್ಲ ಬಿಡಿ, ಏಣಿ ಬೇಕು.

ಅರ್ಚಕರು ಚೀಲ ಬಿಚ್ಚಿ, "ಹೊಲದ್ದಾ?" ಅಂದರು. ಹೂಂ ಅಂದೆ. ಮುಡುಪಿನ ದುಡ್ಡು ಹುಂಡಿಗೆ ಹಾಕಲು ಹೇಳಿ, ಕಾಯನ್ನು ಬಸವಣ್ಣನ ಮುಂದಿದ್ದ ರಾಶಿಗೆ ಸುರಿದರು. ಸುರಿದ ಮರುಕ್ಷಣ ನಮ್ಮ ಕೆಂಪು ಮಣ್ಣಿನ ಕಾಯಿ ಯಾವುದು, ಬೇರೆಯವರದ್ದು ಯಾವುದು ಅಂತ ತಿಳಿಯದೆ ಹೋಯಿತು. ಅದೇ ರಾಶಿಯಿಂದ ಒಂದು ಹಿಡಿ ತೆಗೆದು ನನ್ನ ಸೆರಗಿಗೆ, ಸೆರಗೆಲ್ಲಿ ಬಂತು, ದುಪಟ್ಟಾಕ್ಕೆ ಹಾಕಿದರು. ಹಿಂದಿನವರು ತಳ್ಳಿದರು. ಹೊರಗೆ ಬಂದು ಒಂದು ಕಾಯಿ ಒಡೆದು ಬಾಯಿಗೆ ಹಾಕಿಕೊಂಡೆ. ನಮ್ಮ ಹೊಲದ್ದೋ ಅಲ್ಲವೋ ಗೊತ್ತಿಲ್ಲ. ಸಿಹಿಯಿತ್ತು.

ಅವ್ವನಿಗೆ ಫೋನ್ ಮಾಡಿದೆ.

"ಒಪ್ಪಿಸಿದ್ಯಾ? ಪೂರ್ತಿ ಕೊಟ್ಯಾ? ನಡುವೆ ತಿನ್ಲಿಲ್ಲ ತಾನೇ?"

"ಇಲ್ಲವ್ವ. ಐದು ಸೇರಿಗಿಂತ ಜಾಸ್ತಿ ಇತ್ತಲ್ಲ?"

"ಮೇಲೊಂದು ಹಿಡಿ ಹಾಕಿದ್ದೆ. ದೇವ್ರಿಗೆ ಅಳತೆ ಮಾಡಿ ಕೊಡ್ತಾರಾ?"

ಹೊಸ ಆಫೀಸಿನವರು ಪರಿಷೆ ಕಡಲೆಕಾಯಿ ತರಲು ಹೇಳಿದ್ದರು. ಗುಡ್ಡದ ಕೆಳಗೆ ಒಬ್ಬ ಅಜ್ಜಿಯ ರಾಶಿ ಮುಂದೆ ನಿಂತು ಎರಡು ಸೇರು ಕೊಂಡೆ. ಫೋನ್ ಇನ್ನೂ ಕಿವಿಯಲ್ಲೇ ಇತ್ತು. ಅವ್ವ ರೇಟು ಕೇಳಿದಳು. ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಮಂಡಿಯವರು ನಮಗೆ ಕೊಟ್ಟ ರೇಟಿನ ಜೊತೆ ತಾಳೆ ಹಾಕುತ್ತಿದ್ದಳು ಅಂತ ಕಾಣುತ್ತದೆ.

"ಶೇಂಗಾ ಬೆಳೆಯೋರ ಮನೆ ಮಗಳು ಶೇಂಗಾ ಕೊಂಡ್ಕೊಂತಾಳೆ" ಅಂದಳು. ಆಮೇಲೆ, "ಕೊಸರು ಹಾಕಿದ್ಲಾ?"

ಅಜ್ಜಿ ಚೀಲದ ಬಾಯಿಗೆ ಇನ್ನೊಂದು ಹಿಡಿ ಸುರಿಯುತ್ತಿದ್ದಳು. ನಾನು ಕೇಳಿರಲಿಲ್ಲ.

"ಹಾಕಿದ್ಲವ್ವ."

"ಹಂಗಾದ್ರೆ ಸರಿ ಬಿಡು" ಅಂದಳು ಅವ್ವ. "ಬೇಗ ಆಫೀಸಿಗೆ ಹೋಗು, ಹೊತ್ತಾತು."